ಗಡಿಯಾರ ನೋಡಿ ಒಂದಕ್ಕೆ ಹೋಗುವ ಮಕ್ಕಳು

ಮಕ್ಕಳ ಮೂತ್ರಕೋಶದ ತೊಂದರೆಗಳ ಬಗ್ಗೆ ಕಿರುತೆರೆಯಲ್ಲಿ ಮಾತನಾಡಿದಾಗಲೆಲ್ಲ ಬರುವ ಪತ್ರಗಳಲ್ಲಿ ಹೆಚ್ಚಿನವು ತಾಯಂದಿರವು. ಅವುಗಳಲ್ಲಿ ಒಂದು ಪ್ರಶ್ನೆ ಮಾತು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಮಗಳಿಗೆ ಏಳು ವರ್ಷ, ದಿನಕ್ಕೆ ಐದು ಸಲ ಕ್ಯಾತಿಟರ್ ಹಾಕಿ ಮೂತ್ರ ತೆಗೆಯಬೇಕು, ಅದಕ್ಕಾಗಿ ತಾಯಿ ದಿನಕ್ಕೆ ಎರಡು ಸಲ ಶಾಲೆಗೆ ಹೋಗಿ ಬರುತ್ತಾಳೆ, ತಾಯಿಗೆ ಜ್ವರ ಬಂದ ದಿನ ಮಗಳಿಗೆ ಶಾಲೆಯಿಲ್ಲ. ಈ ಮಗು ಇದನ್ನು ತಾನೇ ಮಾಡಿಕೊಳ್ಳುವುದು ಎಂದಿಗೆ? ಅರ್ಧ ಗಂಟೆಯ ಮಾತುಕತೆಯಲ್ಲಿ ಇದಕ್ಕೆ ಪೂರ್ತಿ ಉತ್ತರ ಕೊಡಲಾಗುವುದಿಲ್ಲ. ಪರದೆಯ ಮೇಲೆ ತೋರಿಸಲಾಗದ ಕೆಲವು ಸಂಗತಿಗಳೂ ಇದರಲ್ಲಿವೆ. ಆದ್ದರಿಂದ ಅದನ್ನು ಇಲ್ಲಿ ಸಾವಧಾನವಾಗಿ ಬಿಡಿಸಿ ಹೇಳುತ್ತಿದ್ದೇನೆ.

ಮೊದಲಿಗೆ ಯಾವ ಮಕ್ಕಳ ವಿಷಯ ಎಂಬುದನ್ನು ಸ್ಪಷ್ಟಪಡಿಸಬೇಕು. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಕ್ಕಳ ಬಗ್ಗೆ ನಾನು ಬರೆಯುತ್ತಿಲ್ಲ. ಅವರಲ್ಲಿ ಬಹುತೇಕರು ಬೆಳೆಯುತ್ತ ಸರಿಹೋಗುತ್ತಾರೆ. ಇಲ್ಲಿ ಹೇಳುತ್ತಿರುವುದು ಮೂತ್ರಕೋಶಕ್ಕೆ ಹೋಗುವ ನರಗಳೇ ಸರಿಯಾಗಿ ಕೆಲಸ ಮಾಡದ ಮಕ್ಕಳ ಬಗ್ಗೆ. ಇದಕ್ಕೆ ಮುಖ್ಯ ಕಾರಣ ಸ್ಪೈನಾ ಬೈಫಿಡಾ, ಅಂದರೆ ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದೆ ಉಳಿದಿರುವುದು. ನಮ್ಮ ಹಳ್ಳಿಗಳಲ್ಲಿ ‘ಬೆನ್ನ ಮೇಲೆ ಗಂಟು’ ಎಂದು ಹೇಳಿ ಕರೆತರುತ್ತಾರೆ. ಹುಟ್ಟಿದ ಕೆಲವೇ ದಿನಗಳಲ್ಲಿ ಆ ಗಂಟಿಗೆ ಆಪರೇಷನ್ ಆಗುತ್ತದೆ, ಹೊಲಿಗೆ ಒಣಗುತ್ತದೆ, ಮನೆಯವರು ಗಂಡಾಂತರ ಕಳೆಯಿತೆಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಗಂಟಿನೊಳಗೆ ಸಿಕ್ಕಿಕೊಂಡಿದ್ದ ನರಗಳು ಆಪರೇಷನ್ನಿನಿಂದ ಮರಳಿ ಹುಟ್ಟುವುದಿಲ್ಲ. ಕಾಲಿನ ಬಲ ಎಷ್ಟಿದೆ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಮೂತ್ರಕೋಶದ ಸ್ಥಿತಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬೆನ್ನುಹುರಿಗೆ ಪೆಟ್ಟು ಬಿದ್ದ ಮಕ್ಕಳಿಗೂ, ಹುಟ್ಟಿನಿಂದಲೇ ಮೂತ್ರನಾಳದಲ್ಲಿ ಕವಾಟದಂಥ ಅಡ್ಡಿಯಿದ್ದು ಮೂತ್ರಕೋಶ ಸೋತುಹೋದ ಕೆಲವು ಗಂಡುಮಕ್ಕಳಿಗೂ ಮುಂದಿನ ಮಾತುಗಳು ಬಹುಮಟ್ಟಿಗೆ ಅನ್ವಯಿಸುತ್ತವೆ.

ಆರೋಗ್ಯವಂತ ಮೂತ್ರಕೋಶಕ್ಕೆ ಎರಡು ಕೆಲಸ: ತುಂಬಿಸಿಕೊಳ್ಳುವುದು ಮತ್ತು ಖಾಲಿ ಮಾಡುವುದು. ತುಂಬುವಾಗ ಅದರ ಗೋಡೆ ಸಡಿಲವಾಗಿರಬೇಕು, ಬಾಯಿಯ ಬಿಗಿಸ್ನಾಯು ಮುಚ್ಚಿರಬೇಕು. ಖಾಲಿ ಮಾಡುವಾಗ ಗೋಡೆ ಹಿಂಡಬೇಕು, ಬಾಯಿ ತೆರೆಯಬೇಕು. ಬೆನ್ನುಹುರಿಯಿಂದ ಬರುವ ಅಪ್ಪಣೆ ಕೆಟ್ಟರೆ ಈ ಹೊಂದಾಣಿಕೆ ತಪ್ಪುತ್ತದೆ. ಗೋಡೆ ಹಿಂಡುತ್ತಿರುವ ಹೊತ್ತಿಗೇ ಬಾಯಿಯೂ ಬಿಗಿದುಕೊಂಡರೆ ಒಳಗಿನ ಒತ್ತಡ ಏರುತ್ತದೆ. ಅಳತೆ ಮಾಡಿ ನೋಡಿದಾಗ ಈ ಒತ್ತಡ 40 ಸೆಂಟಿಮೀಟರ್ ನೀರಿನ ಮಟ್ಟವನ್ನು ಮೀರಿ ನಿಲ್ಲುತ್ತಿದ್ದರೆ ಮೂತ್ರಪಿಂಡಗಳಿಗೆ ಅಪಾಯವೆಂದು ವೈದ್ಯರು ಎಚ್ಚರಗೊಳ್ಳುತ್ತಾರೆ. ಮೂತ್ರ ಹಿಂದಕ್ಕೆ, ಮೇಲಕ್ಕೆ ಏರತೊಡಗುತ್ತದೆ, ಅದರೊಂದಿಗೆ ಸೋಂಕೂ ಏರುತ್ತದೆ. ಇದೆಲ್ಲ ನಡೆಯುತ್ತಿರುವಾಗ ಮಗು ಆಡಿಕೊಂಡೇ ಇರುತ್ತದೆ. ನೋವಿಲ್ಲ, ಅಳುವಿಲ್ಲ. ಚಡ್ಡಿ ಸದಾ ತೊಟ್ಟಿಕ್ಕುತ್ತಿರುವುದರಿಂದ ‘ಮೂತ್ರ ಚೆನ್ನಾಗಿ ಹೋಗುತ್ತಿದೆ’ ಎಂದೇ ಮನೆಯವರು ತಿಳಿದಿರುತ್ತಾರೆ. ಅದು ತುಂಬಿದ ಕೊಡದಿಂದ ಹೊರಚೆಲ್ಲುವ ನೀರು, ಕೊಡ ಖಾಲಿಯಾಗಿರುವುದಿಲ್ಲ. ಮೂತ್ರಪಿಂಡ ಸೋತಿದೆ ಎಂದು ರಕ್ತಪರೀಕ್ಷೆ ಹೇಳುವ ಹೊತ್ತಿಗೆ ಎಷ್ಟೋ ಸಲ ಬಹಳ ತಡವಾಗಿರುತ್ತದೆ.

ಹೊಟ್ಟೆಯ ಕೆಳಭಾಗ ಒತ್ತಿ ಮೂತ್ರ ಹೊರಡಿಸುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಹಿಂದೆ ವೈದ್ಯರೂ ಅದನ್ನು ಹೇಳಿಕೊಡುತ್ತಿದ್ದರು. ಬಾಯಿ ಬಿಗಿದಿರುವ ಮೂತ್ರಕೋಶವನ್ನು ಹೊರಗಿನಿಂದ ಒತ್ತಿದರೆ ಮೂತ್ರ ಹಾದಿ ಹುಡುಕಿಕೊಂಡು ಮೂತ್ರಪಿಂಡದ ಕಡೆಗೇ ಹೋದೀತು. ಅಜ್ಜಿಯರು ಪ್ರೀತಿಯಿಂದ ಮಾಡುವ ಈ ಕೆಲಸವನ್ನು ನಯವಾಗಿ ನಿಲ್ಲಿಸಬೇಕು.

ಹಾಗಾದರೆ ದಾರಿ ಯಾವುದು? ತೆಳುವಾದ ನಳಿಕೆಯೊಂದನ್ನು, ಅಂದರೆ ಕ್ಯಾತಿಟರನ್ನು, ದಿನಕ್ಕೆ ನಾಲ್ಕರಿಂದ ಆರು ಸಲ ಮೂತ್ರದ್ವಾರದಿಂದ ಒಳಗೆ ಕಳಿಸಿ, ಮೂತ್ರಕೋಶವನ್ನು ಪೂರ್ತಿ ಖಾಲಿ ಮಾಡಿ, ಕೂಡಲೇ ಹೊರತೆಗೆಯುವುದು. ಕೇಳಿದೊಡನೆ ಎದೆ ಝಲ್ಲೆನ್ನುತ್ತದೆ, ನಿಜ. ಇದರ ಹಿಂದೆ ಒಂದು ಸ್ವಾರಸ್ಯದ ಚರಿತ್ರೆಯಿದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಆರಂಭವಾದ ಬೆನ್ನುಹುರಿ ಚಿಕಿತ್ಸಾ ವಿಭಾಗದಲ್ಲಿ ಲುಡ್ವಿಗ್ ಗುಟ್‌ಮನ್ ಅವರು ರೋಗಿಗಳಿಗೆ ಆಗಾಗ ಕ್ಯಾತಿಟರ್ ಹಾಕಿ ತೆಗೆಯುವ ಕ್ರಮವನ್ನು ಬಳಕೆಗೆ ತಂದರು. ಆದರೆ ಅದು ಆಪರೇಷನ್ ಥಿಯೇಟರಿನ ಮಡಿಯಲ್ಲಿ, ಪೂರ್ತಿ ಕ್ರಿಮಿರಹಿತವಾಗಿ ಆಗಬೇಕಿತ್ತು. ಅಂಥದ್ದು ಮನೆಯಲ್ಲಿ ನಡೆಯುವ ಮಾತಲ್ಲ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜ್ಯಾಕ್ ಲ್ಯಾಪಿಡಿಸ್ ಎಂಬ ಮೂತ್ರರೋಗ ತಜ್ಞರು 1972ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬೇರೆಯೇ ಮಾತು ಹೇಳಿದರು. ಸೋಂಕಿಗೆ ದೊಡ್ಡ ಕಾರಣ ನಳಿಕೆಯ ಮೇಲಿನ ಒಂದೆರಡು ಕ್ರಿಮಿಗಳಲ್ಲ; ಮೂತ್ರಕೋಶ ಬಹಳ ಹೊತ್ತು ಉಬ್ಬಿಕೊಂಡೇ ಇದ್ದರೆ ಅದರ ಗೋಡೆಗೆ ರಕ್ತದ ಹರಿವು ಕಡಿಮೆಯಾಗಿ, ಸೋಂಕನ್ನು ತಡೆಯುವ ಶಕ್ತಿಯೇ ಕುಂದುತ್ತದೆ. ಆದ್ದರಿಂದ ಸೋಪಿನಿಂದ ತೊಳೆದ ಕೈ, ತೊಳೆದು ಸ್ವಚ್ಛಮಾಡಿದ ನಳಿಕೆ ಸಾಕು, ಆದರೆ ಹೊತ್ತಿಗೆ ಸರಿಯಾಗಿ ಮಾಡಬೇಕು, ರೋಗಿ ತಾನೇ ಮಾಡಿಕೊಳ್ಳಬಹುದು ಎಂದರು. ಆ ಕಾಲದ ಅನೇಕ ವೈದ್ಯರಿಗೆ ಇದು ಅಪಚಾರವಾಗಿ ಕಂಡಿತು. ಇಂದು ಜಗತ್ತಿನ ಎಲ್ಲ ಕಡೆ ಇಂಥ ಮಕ್ಕಳ ಮೂತ್ರಪಿಂಡಗಳನ್ನು ಉಳಿಸುತ್ತಿರುವುದು ಮುಖ್ಯವಾಗಿ ಈ ಸರಳ ಕ್ರಮವೇ.

ಈ ಚರಿತ್ರೆಯನ್ನು ಹೇಳಿದ್ದಕ್ಕೆ ಕಾರಣವಿದೆ. ನಮ್ಮ ತಾಯಂದಿರು ಶುಚಿಯ ಬಗ್ಗೆ ಬಹಳ ಹೆದರುತ್ತಾರೆ, ಹೊತ್ತಿನ ಬಗ್ಗೆ ಅಷ್ಟು ಹೆದರುವುದಿಲ್ಲ. ಮದುವೆಮನೆಯಲ್ಲಿ ‘ಇಲ್ಲಿನ ಬಚ್ಚಲು ಚೆನ್ನಾಗಿಲ್ಲ, ಮನೆಗೆ ಹೋದ ಮೇಲೆ ಮಾಡೋಣ’ ಎಂದು ಏಳು ಗಂಟೆ ಹಾಗೇ ಬಿಟ್ಟುಬಿಡುತ್ತಾರೆ. ಅಷ್ಟೇನೂ ಚೆನ್ನಾಗಿಲ್ಲದ ಬಚ್ಚಲಲ್ಲಿ ತೊಳೆದ ಕೈಯಿಂದ ಸರಿಯಾದ ಹೊತ್ತಿಗೆ ಖಾಲಿ ಮಾಡುವುದು, ಫಳಫಳ ಹೊಳೆಯುವ ಬಚ್ಚಲಿಗಾಗಿ ಏಳು ಗಂಟೆ ಕಾಯುವುದಕ್ಕಿಂತ ಎಷ್ಟೋ ಮೇಲು. ಮಗುವಿಗೆ ಕಲಿಸಬೇಕಾದ ಮೊದಲ ಪಾಠ ಕೂಡ ಇದೇ: ಗಡಿಯಾರ. ಇತರ ಮಕ್ಕಳಿಗೆ ಮೂತ್ರಕೋಶವೇ ಹೊತ್ತು ಹೇಳುತ್ತದೆ. ಈ ಮಗುವಿಗೆ ಅದು ಹೇಳುವುದಿಲ್ಲ, ಗಡಿಯಾರ ಹೇಳಬೇಕು. ಕೈಗೆ ಅಲಾರಂ ಇರುವ ಗಡಿಯಾರ ಕಟ್ಟಿದರೆ ಒಳ್ಳೆಯದು. ಶಾಲೆಯ ಗಂಟೆಗೆ ಹೊಂದಿಸಿದರೆ ಇನ್ನೂ ಒಳ್ಳೆಯದು: ಎದ್ದ ಕೂಡಲೆ, ಬೆಳಗಿನ ಚಿಕ್ಕ ಬಿಡುವಿನಲ್ಲಿ, ಊಟದ ಬಿಡುವಿನ ಕೊನೆಗೆ, ಮನೆಗೆ ಬಂದೊಡನೆ, ಮಲಗುವ ಮುನ್ನ.

ಕಲಿಸುವುದು ಯಾವ ವಯಸ್ಸಿಗೆ? ಕ್ಯಾತಿಟರನ್ನು ತಾನೇ ಹಾಕಿಕೊಳ್ಳುವುದನ್ನು ಸಾಮಾನ್ಯವಾಗಿ 5ರಿಂದ 8 ವರ್ಷದೊಳಗೆ ಬಹಳ ಮಕ್ಕಳು ಕಲಿಯಬಲ್ಲರು. ಆದರೆ ಕಲಿಕೆ ಆರಂಭವಾಗಬೇಕಾದದ್ದು ಅದಕ್ಕೂ ಬಹಳ ಮುಂಚೆ. ಮೂರು ವರ್ಷದ ಮಗು ಕ್ಯಾತಿಟರಿನ ಡಬ್ಬಿ ತಂದು ಕೊಡಬಲ್ಲದು. ನಾಲ್ಕು ವರ್ಷಕ್ಕೆ ಅಮ್ಮನ ಜೊತೆ ತಾನೂ ಸೋಪು ಹಾಕಿ ಕೈ ತೊಳೆಯುತ್ತದೆ, ಜೆಲ್ಲಿಯ ಟ್ಯೂಬಿನ ಮುಚ್ಚಳ ತೆಗೆಯುತ್ತದೆ. ಐದಕ್ಕೆ ಅಮ್ಮ ಹಾಕಿದ ನಳಿಕೆಯನ್ನು ತಾನು ಹಿಡಿದುಕೊಂಡು, ಮೂತ್ರ ನಿಂತ ಮೇಲೆ ಮೆಲ್ಲಗೆ ಹೊರಗೆಳೆಯುತ್ತದೆ. ಹೀಗೆ ಕೆಲಸ ಹಿಂದಿನಿಂದ ಮುಂದಕ್ಕೆ ಮಗುವಿನ ಕೈಗೆ ಬರಬೇಕು. ಕೊನೆಯ ಸುಲಭದ ಹೆಜ್ಜೆ ಮೊದಲು, ಮೊದಲಿನ ಕಷ್ಟದ ಹೆಜ್ಜೆ ಕೊನೆಗೆ. ಏಳು ವರ್ಷ ಎಲ್ಲವನ್ನೂ ಅಮ್ಮನೇ ಮಾಡಿ, ಎಂಟನೆಯ ಹುಟ್ಟುಹಬ್ಬದ ಮರುದಿನ ‘ಇನ್ನು ನೀನೇ ಮಾಡಿಕೋ’ ಎಂದರೆ ಮಗು ಅದನ್ನು ಶಿಕ್ಷೆಯೆಂದು ತಿಳಿಯುತ್ತದೆ.

ಇನ್ನೊಂದು ತೊಡಕು ಭಾಷೆಯದು. ಕೈ, ಕಾಲು, ಮೂಗು, ಹೊಟ್ಟೆ ಎಂದು ಮಕ್ಕಳಿಗೆ ಹೇಳಿಕೊಡುವ ನಾವು ಹೊಕ್ಕುಳಿನ ಕೆಳಗೆ ಬಂದೊಡನೆ ಮೂಕರಾಗುತ್ತೇವೆ. ‘ಉಚ್ಚೆ’ ಎಂದರೆ ಒರಟು, ‘ಮೂತ್ರ’ ಎಂದರೆ ಪುಸ್ತಕದ ಮಾತು, ಶಾಲೆಯಲ್ಲಿ ‘ಒಂದಕ್ಕೆ’ ಎನ್ನಬೇಕು, ಮನೆಯಲ್ಲಿ ‘ಸೂಸು’. ಮೂತ್ರ ಬರುವ ದ್ವಾರ, ಅದರ ಹಿಂದೆ ಹೆಣ್ಣುಮಕ್ಕಳಿಗಿರುವ ಇನ್ನೊಂದು ದ್ವಾರ, ಅದರ ಹಿಂದೆ ಮಲದ್ವಾರ — ಇವಕ್ಕೆ ಹೆಸರೇ ಇಲ್ಲದ ಮಗುವಿಗೆ ‘ಎಲ್ಲಿ ಹಾಕಬೇಕು’ ಎಂದು ಹೇಳುವುದು ಹೇಗೆ? ಯಾವ ಪದ ಎಂಬುದು ಮುಖ್ಯವಲ್ಲ. ಮನೆಯಲ್ಲಿ, ಆಸ್ಪತ್ರೆಯಲ್ಲಿ ಒಂದೇ ಪದ ಬಳಸಿ, ಅದನ್ನು ನಾಚಿಕೆಯಿಲ್ಲದೆ ಹೇಳಿ. ಬಟ್ಟೆಯ ಗೊಂಬೆಗೆ ಸಣ್ಣ ತೂತು ಮಾಡಿ, ಒಳಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲ ಇಟ್ಟು, ಆ ಗೊಂಬೆಗೆ ಮಗುವೇ ನಳಿಕೆ ಹಾಕಿ ನೀರು ತೆಗೆಯಲಿ. ಆಟದ ನಡುವೆ ಗೊಂಬೆಗೆ ಅದು ಹೇಳುವ ಸಮಾಧಾನದ ಮಾತುಗಳನ್ನು ಮರೆಯಲ್ಲಿ ನಿಂತು ಕೇಳಿಸಿಕೊಳ್ಳಿ. ನೀವು ಇಷ್ಟು ದಿನ ಅದಕ್ಕೆ ಏನು ಹೇಳುತ್ತಿದ್ದಿರಿ ಎಂಬುದು ಗೊತ್ತಾಗುತ್ತದೆ.

ಇನ್ನು ಕ್ರಮದ ವಿಷಯ. ಮೊದಲ ಸಲ ಇದನ್ನು ತರಬೇತಾದ ನರ್ಸ್ ಅಥವಾ ವೈದ್ಯರ ಎದುರಿಗೇ ಕಲಿಯಬೇಕು, ಓದಿ ಮಾಡುವುದಲ್ಲ. ಕಲಿತದ್ದು ಮರೆಯದಿರಲಿ ಎಂದು ಮಾತ್ರ ಇಲ್ಲಿ ಹೇಳುತ್ತಿದ್ದೇನೆ. ಬೇಕಾದುದೆಲ್ಲ ಕೈಗೆಟಕುವಂತೆ ಇಟ್ಟುಕೊಂಡು ಸೋಪಿನಿಂದ ಕೈ ತೊಳೆಯಬೇಕು. ಕಾಲಿಗೆ ಕ್ಯಾಲಿಪರ್ ಹಾಕಿದ ಮಗುವಿಗೆ ನಮ್ಮ ಕುಕ್ಕರಗಾಲಿನ ಕಕ್ಕಸು ಆಗಿಬರುವುದಿಲ್ಲ. ಅದು ಕುರ್ಚಿಯ ಅಂಚಿಗೆ ಅಥವಾ ಸ್ಟೂಲಿನ ಮೇಲೆ ಕುಳಿತು, ನಳಿಕೆಯ ಇನ್ನೊಂದು ತುದಿಯನ್ನು ಅಗಲ ಬಾಯಿಯ ಬಾಟಲಿಗೆ ಬಿಡಲಿ. ಒದ್ದೆ ಬಟ್ಟೆಯಿಂದ ದ್ವಾರವನ್ನು ಒರೆಸಬೇಕು. ಹೆಣ್ಣುಮಕ್ಕಳು ಯಾವಾಗಲೂ ಮುಂದಿನಿಂದ ಹಿಂದಕ್ಕೆ. ನಳಿಕೆಯ ತುದಿಗೆ ನೀರಿನಲ್ಲಿ ಕರಗುವ ಜೆಲ್ಲಿ ಹಚ್ಚಬೇಕು, ಎಣ್ಣೆ ಅಥವಾ ವ್ಯಾಸಲೀನ್ ಬೇಡ. ಹೆಣ್ಣುಮಗು ಆರಂಭದಲ್ಲಿ ಸಣ್ಣ ಕನ್ನಡಿ ಇಟ್ಟುಕೊಂಡು ನೋಡಿ ಕಲಿಯುತ್ತದೆ, ಕೆಲವು ತಿಂಗಳಲ್ಲಿ ಬೆರಳಿನ ಅಂದಾಜೇ ಸಾಕಾಗುತ್ತದೆ, ಕನ್ನಡಿ ಬೇಕಿಲ್ಲ. ಅವರ ಮೂತ್ರನಾಳ ಚಿಕ್ಕದು, ಕೆಲವೇ ಸೆಂಟಿಮೀಟರ್ ಒಳಗೆ ಹೋದೊಡನೆ ಮೂತ್ರ ಬರುತ್ತದೆ. ನಳಿಕೆ ತಪ್ಪಿ ಹಿಂದಿನ ದ್ವಾರಕ್ಕೆ ಹೋದರೆ ಮೂತ್ರ ಬರುವುದಿಲ್ಲ, ಅಷ್ಟೇ, ಅದರಿಂದ ಗಾಯವಾಗುವುದಿಲ್ಲ. ನಳಿಕೆಯನ್ನು ತೆಗೆದು ತೊಳೆದೋ ಬೇರೊಂದನ್ನು ತೆಗೆದುಕೊಂಡೋ ಮತ್ತೆ ಹಾಕಬಹುದು. ಗಂಡುಮಗು ಶಿಶ್ನವನ್ನು ಮೇಲಕ್ಕೆ ನೇರವಾಗಿ ಹಿಡಿಯಬೇಕು. ಒಳಗೆ ಸ್ವಲ್ಪ ದೂರ ಹೋದ ಮೇಲೆ ಬಿಗಿಸ್ನಾಯುವಿನ ಬಳಿ ತಡೆದಂತಾಗುತ್ತದೆ. ಅಲ್ಲಿ ಬಲ ಹಾಕಕೂಡದು. ನಿಂತು, ದೀರ್ಘವಾಗಿ ಉಸಿರೆಳೆದು ಬಿಟ್ಟರೆ, ಅಥವಾ ಒಮ್ಮೆ ಕೆಮ್ಮಿದರೆ ಸ್ನಾಯು ಸಡಿಲಗೊಂಡು ನಳಿಕೆ ತಾನಾಗಿ ಸಾಗುತ್ತದೆ. ಮೂತ್ರ ಪೂರ್ತಿ ನಿಂತ ಮೇಲೆ ಮೆಲ್ಲಮೆಲ್ಲಗೆ ಹೊರಗೆಳೆಯುವಾಗ ಮತ್ತೆ ಹರಿದರೆ ಅಲ್ಲೇ ನಿಲ್ಲಿಸಿ ಕಾಯಬೇಕು. ಅವಸರದ ಮಕ್ಕಳು ಈ ಕೊನೆಯ 20–30 ಮಿಲಿಲೀಟರನ್ನು ಒಳಗೇ ಬಿಟ್ಟುಬಿಡುತ್ತಾರೆ, ಸೋಂಕು ಬೆಳೆಯುವುದು ಆ ಉಳಿಕೆಯಲ್ಲೇ.

ನೋವಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಸ್ಪೈನಾ ಬೈಫಿಡಾ ಇರುವ ಬಹಳ ಮಕ್ಕಳಿಗೆ ಆ ಭಾಗದಲ್ಲಿ ಸ್ಪರ್ಶದ ಅರಿವೇ ಕಡಿಮೆ, ಆದ್ದರಿಂದ ನೋವು ಅಷ್ಟಿಲ್ಲ. ನೋಡುವ ತಾಯಿಗೇ ಹೆಚ್ಚು ನೋವು. ಅರಿವು ಪೂರ್ತಿ ಇರುವ ಮಕ್ಕಳಿಗೆ, ಉದಾಹರಣೆಗೆ ಮೂತ್ರನಾಳದ ಕವಾಟದ ತೊಂದರೆಯಿದ್ದ ಹುಡುಗರಿಗೆ, ಇದು ನಿಜಕ್ಕೂ ಕಷ್ಟ. ಅವರಿಗೆ ‘ಏನೂ ಆಗುವುದಿಲ್ಲ’ ಎಂದು ಸುಳ್ಳು ಹೇಳಬೇಡಿ. ‘ಸ್ವಲ್ಪ ಉರಿಯುತ್ತದೆ, ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ’ ಎಂದು ನಿಜ ಹೇಳಿ, ಜೊತೆಗೆ ಎಣಿಸಿ. ಇವರಲ್ಲಿ ಕೆಲವರಿಗೆ ಆಪರೇಷನ್ ಮಾಡಿ ಅಪೆಂಡಿಕ್ಸನ್ನೇ ಸಣ್ಣ ಕೊಳವೆಯಾಗಿ ಬಳಸಿ ಹೊಕ್ಕುಳಿನ ಬಳಿ ಬೇರೆ ದಾರಿ ಮಾಡಿಕೊಡುತ್ತಾರೆ. ಫ್ರಾನ್ಸಿನ ಪಾಲ್ ಮಿತ್ರೊಫನೋಫ್ ಎಂಬ ಶಸ್ತ್ರಚಿಕಿತ್ಸಕರು 1980ರಲ್ಲಿ ಪ್ರಕಟಿಸಿದ ವಿಧಾನವಿದು, ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಗಾಲಿಕುರ್ಚಿಯಿಂದ ಇಳಿಯಲಾಗದ ಹೆಣ್ಣುಮಕ್ಕಳಿಗೂ ಅದರಿಂದ ಬಹಳ ಅನುಕೂಲ, ಏಕೆಂದರೆ ಕುಳಿತಲ್ಲೇ ಬಟ್ಟೆ ಪೂರ್ತಿ ಬಿಚ್ಚದೆ ಮಾಡಿಕೊಳ್ಳಬಹುದು.

ನಳಿಕೆಯ ಬಗ್ಗೆ ಒಂದೆರಡು ಮಾತು. ಅದರ ದಪ್ಪವನ್ನು ಫ್ರೆಂಚ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 3 ಫ್ರೆಂಚ್ ಎಂದರೆ 1 ಮಿಲಿಮೀಟರ್. ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ 6 ಅಥವಾ 8, ದೊಡ್ಡವರಾದಂತೆ 10, 12. ವರ್ಷಗಟ್ಟಲೆ ಅದೇ 6 ನಂಬರಿನದನ್ನು ಬಳಸುತ್ತಿದ್ದು, ಖಾಲಿಯಾಗಲು ಅರ್ಧ ಗಂಟೆ ಬೇಕೆಂದು ಮಗು ಬೇಸರಪಡುವುದನ್ನು ನೋಡಿದ್ದೇನೆ, ತಪ್ಪು ಮಗುವಿನದಲ್ಲ. ಹಲವು ನಳಿಕೆಗಳ ಮೇಲೆ ‘ಒಂದೇ ಸಲ ಬಳಸಿ’ ಎಂದು ಅಚ್ಚಾಗಿರುತ್ತದೆ. ದಿನಕ್ಕೆ ಐದರಂತೆ ತಿಂಗಳಿಗೆ ನೂರೈವತ್ತು ಕೊಳ್ಳುವ ಶಕ್ತಿ ಎಲ್ಲರಿಗಿಲ್ಲ. ನಮ್ಮ ದೇಶದಲ್ಲಿ ತೊಳೆದು ಮತ್ತೆ ಬಳಸುವುದೇ ಹೆಚ್ಚು. ಬಳಸಿದ ಕೂಡಲೇ ಸೋಪುನೀರಿನಿಂದ ಒಳಗೂ ಹೊರಗೂ ತೊಳೆದು, ಚೆನ್ನಾಗಿ ಜಾಲಿಸಿ, ನೀರು ಕೊಡವಿ, ಒಣಗಿಸಿ ಮುಚ್ಚಳವಿರುವ ಒಣ ಡಬ್ಬಿಯಲ್ಲಿಡಬೇಕು. ಯಾವುದನ್ನು ಕುದಿಸಬಹುದು, ಒಂದನ್ನು ಎಷ್ಟು ದಿನ ಬಳಸಬಹುದು ಎಂಬುದನ್ನು ಕೊಡುವ ಆಸ್ಪತ್ರೆಯಲ್ಲೇ ಕೇಳಿ. ಗಡುಸಾದದ್ದನ್ನು, ಬಿರುಕುಬಿಟ್ಟದ್ದನ್ನು ಯಾವ ಕಾರಣಕ್ಕೂ ಬಳಸಬೇಡಿ. ಸ್ಪೈನಾ ಬೈಫಿಡಾ ಇರುವ ಮಕ್ಕಳಿಗೆ ರಬ್ಬರಿನ ಹಾಲಿನಿಂದ ಮಾಡಿದ ಲೇಟೆಕ್ಸ್ ವಸ್ತುಗಳು ಒಗ್ಗದಿರುವ ಸಂಭವ ಹೆಚ್ಚು. ಕೆಂಪು ರಬ್ಬರ್ ನಳಿಕೆ, ಕೈಗವಸು, ಹುಟ್ಟುಹಬ್ಬದ ಬಲೂನು ಕೂಡ ಇದರಲ್ಲಿ ಸೇರಿತು. ಪ್ಲಾಸ್ಟಿಕ್ ಅಥವಾ ಸಿಲಿಕೋನ್ ನಳಿಕೆಯನ್ನೇ ಕೇಳಿ ಪಡೆಯಿರಿ.

ನೀರು ಕುಡಿದರೆ ಒದ್ದೆಯಾಗುತ್ತದೆ ಎಂದು ಶಾಲೆಗೆ ಹೋಗುವ ಮಕ್ಕಳು ತಾವಾಗಿಯೇ ನೀರು ಬಿಡುತ್ತಾರೆ. ಇದನ್ನು ಅವರು ಹೇಳುವುದಿಲ್ಲ. ತುಂಬಿಸಿ ಕಳಿಸಿದ ಬಾಟಲಿ ಸಂಜೆ ತುಂಬಿಯೇ ಮರಳಿದಾಗ ನಿಮಗೆ ತಿಳಿಯಬೇಕು. ಮೂತ್ರಕೋಶದ ಗೋಡೆಯನ್ನು ಸಡಿಲಗೊಳಿಸಲು ಕೊಡುವ ಆಕ್ಸಿಬ್ಯೂಟಿನಿನ್ ಎಂಬ ಮಾತ್ರೆಯಿಂದ ಬಾಯಿ ಒಣಗುತ್ತದೆ, ಮುಖ ಕೆಂಪಾಗುತ್ತದೆ, ಬೆವರುವುದು ಕಡಿಮೆಯಾಗುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲಿ ಬೆವರದ ಮಗುವಿಗೆ ಬಿಸಿಲು ಬಹಳ ಬೇಗ ತಟ್ಟುತ್ತದೆ. ಆ ದಿನಗಳಲ್ಲಿ ನೆರಳು, ನೀರು, ಒದ್ದೆ ಟವೆಲು ತಪ್ಪಕೂಡದು. ಇದೇ ಮಾತ್ರೆಯಿಂದ ಮಲಬದ್ಧತೆಯೂ ಹೆಚ್ಚುತ್ತದೆ. ಈ ಮಕ್ಕಳ ಕರುಳೂ ಅದೇ ನರಗಳನ್ನು ನಂಬಿದ್ದು, ಮೊದಲೇ ನಿಧಾನ. ತುಂಬಿದ ಕರುಳು ಮೂತ್ರಕೋಶವನ್ನು ಒತ್ತುತ್ತದೆ, ಅದುವರೆಗೆ ಒಣಗಿರುತ್ತಿದ್ದ ಮಗು ಕಾರಣವಿಲ್ಲದೆ ಒದ್ದೆಯಾಗತೊಡಗುತ್ತದೆ. ಆಗ ಹೊಸ ಮಾತ್ರೆ ಕೇಳುವ ಮೊದಲು ಹೊಟ್ಟೆ ಸರಿಯಾಗಿ ಹೋಗುತ್ತಿದೆಯೇ ನೋಡಬೇಕು.

ಒಂದು ನೋಟ್ ಬುಕ್ ಇಡಿಸಿ. ಮಗುವೇ ಬರೆಯಲಿ: ಹೊತ್ತು, ಬಂದ ಮೂತ್ರ ಎಷ್ಟು ಮಿಲಿಲೀಟರ್, ನಡುವೆ ಒಣಗಿತ್ತೇ ಒದ್ದೆಯಾಗಿತ್ತೇ. ಮಗುವಿನ ಮೂತ್ರಕೋಶದಲ್ಲಿ ಎಷ್ಟು ಹಿಡಿಯಬೇಕು ಎಂಬುದಕ್ಕೆ ಸುಲಭದ ಲೆಕ್ಕವಿದೆ. ವಯಸ್ಸಿಗೆ 2 ಸೇರಿಸಿ 30ರಿಂದ ಗುಣಿಸಿ. ಆರು ವರ್ಷದ ಮಗುವಿಗೆ 240 ಮಿಲಿಲೀಟರ್. ಸುಮಾರು ಹನ್ನೆರಡು ವರ್ಷದವರೆಗೆ ಈ ಲೆಕ್ಕ ನಡೆಯುತ್ತದೆ. ಪ್ರತಿ ಸಲ ಇದಕ್ಕಿಂತ ಬಹಳ ಹೆಚ್ಚು ಬರುತ್ತಿದ್ದರೆ ಹೊತ್ತಿನ ಅಂತರ ಉದ್ದವಾಯಿತೆಂದು ಅರ್ಥ. ಬಹಳ ಕಡಿಮೆ ಬಂದು, ನಡುವೆ ಒದ್ದೆಯೂ ಆಗುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಎರಡನೇ ತರಗತಿಯ ಮಗು ಗುಣಾಕಾರ ಕಲಿಯುವ ಹೊತ್ತಿಗೆ ಇದು ಅದರದೇ ಲೆಕ್ಕವಾಗಿಬಿಡುತ್ತದೆ.

ಕೆಲವು ಮಕ್ಕಳ ವಿಷಯದಲ್ಲಿ ತಾಳ್ಮೆ ಹೆಚ್ಚು ಬೇಕು. ತಲೆಯಲ್ಲಿ ನೀರು ತುಂಬಿ ಷಂಟ್ ಎಂಬ ಕೊಳವೆ ಹಾಕಿಸಿಕೊಂಡ ಮಕ್ಕಳು ಅರಳು ಹುರಿದಂತೆ ಮಾತನಾಡುತ್ತಾರೆ. ಕೇಳಿದರೆ ಎಲ್ಲ ಹೆಜ್ಜೆಗಳನ್ನೂ ಗಿಳಿಪಾಠ ಒಪ್ಪಿಸುತ್ತಾರೆ. ಆದರೆ ಮಾಡಲು ಕೂತಾಗ ಯಾವುದರ ನಂತರ ಯಾವುದು ಎಂಬುದು ತಪ್ಪುತ್ತದೆ, ಆರಂಭಿಸುವುದೇ ಮರೆಯುತ್ತದೆ. ಮನೆಯವರು ಇದನ್ನು ಸೋಮಾರಿತನ, ಹಟ ಎಂದು ಬೈಯುತ್ತಾರೆ. ಅದು ಸೋಮಾರಿತನವಲ್ಲ, ಆ ಕಾಯಿಲೆಯ ಒಂದು ಮುಖ. ಇವರಿಗೆ ಬಚ್ಚಲ ಗೋಡೆಯ ಮೇಲೆ ಚಿತ್ರಗಳ ಪಟ್ಟಿ ಅಂಟಿಸಬೇಕು, ಅಲಾರಂ ಇಡಬೇಕು, ‘ಮಾಡಿದೆಯಾ’ ಎಂದು ಕೇಳುವುದರ ಬದಲು ನೋಟ್ ಬುಕ್ ನೋಡಬೇಕು. ಕೆಲವರಿಗೆ ಹನ್ನೆರಡು ವರ್ಷವಾದರೂ ದೊಡ್ಡವರ ಕಣ್ಗಾವಲು ಬೇಕಾಗುತ್ತದೆ, ಇದರಲ್ಲಿ ಸೋಲೇನೂ ಇಲ್ಲ.

ಸೋಂಕಿನ ಬಗ್ಗೆ ಮಗುವಿಗೇ ಕಲಿಸಬೇಕಾದ ಗುರುತುಗಳು ಹೆಚ್ಚಿಲ್ಲ: ಜ್ವರ, ಚಳಿ, ಪಕ್ಕೆ ಅಥವಾ ಹೊಟ್ಟೆನೋವು, ವಾಂತಿ, ಎಂದಿಲ್ಲದ ಒದ್ದೆ, ಮೂತ್ರದಲ್ಲಿ ರಕ್ತ. ಇವು ಕಂಡರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ಆದರೆ ಮಗು ಆರಾಮವಾಗಿದ್ದು, ಮೂತ್ರಪರೀಕ್ಷೆಯಲ್ಲಿ ಮಾತ್ರ ಕ್ರಿಮಿ ಕಂಡರೆ ಹೆದರಬೇಕಿಲ್ಲ. ಕ್ಯಾತಿಟರ್ ಬಳಸುವ ಮಕ್ಕಳಲ್ಲಿ ಅದು ಸಾಮಾನ್ಯ. ವರದಿಯಲ್ಲಿ ಕ್ರಿಮಿಯ ಹೆಸರು ಕಂಡಾಗಲೆಲ್ಲ ಔಷಧ ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಿಸುತ್ತ ಹೋದರೆ, ನಿಜವಾದ ಸೋಂಕು ಬಂದ ದಿನ ಯಾವ ಔಷಧವೂ ನಾಟದೆ ಹೋದೀತು.

ಶಾಲೆಗೆ ಬರೋಣ. ಶೌಚಾಲಯಕ್ಕೆ ಚಿಲಕವಿಲ್ಲ, ನಲ್ಲಿಯಲ್ಲಿ ನೀರಿಲ್ಲ, ಐವತ್ತು ಮಕ್ಕಳ ಸಾಲು. ಇದು ನಮ್ಮ ಎಷ್ಟೋ ಶಾಲೆಗಳ ಸ್ಥಿತಿ. ಮುಖ್ಯೋಪಾಧ್ಯಾಯರನ್ನು ಶಾಲೆ ಆರಂಭವಾಗುವ ಮೊದಲೇ ಕಂಡು, ಆಸ್ಪತ್ರೆಯ ಪತ್ರ ಕೊಟ್ಟು, ಎರಡೇ ವಿಷಯ ಕೇಳಿ: ಚಿಲಕವಿರುವ ಒಂದು ಕೋಣೆ, ಅದು ಅಧ್ಯಾಪಕರದ್ದಾದರೂ ಸರಿ, ಮತ್ತು ಗಂಟೆಗೆ ಐದು ನಿಮಿಷ ಮುಂಚೆ ಪ್ರಶ್ನೆ ಕೇಳದೆ ಹೊರಗೆ ಬಿಡುವ ಅನುಮತಿ. ಇದು ದಯೆ ಬೇಡುವ ಮಾತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪ್ರಕಾರ ಸರ್ಕಾರದಿಂದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಂಡು, ಅವರವರ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ತರಗತಿಯ ಎಲ್ಲರಿಗೂ ಹೇಳಬೇಕೇ ಎಂಬುದನ್ನು ಮಾತ್ರ ಮಗುವಿಗೇ ಬಿಡಿ. ಒಬ್ಬ ಟೀಚರ್, ಒಬ್ಬಳು ಗೆಳತಿಗೆ ತಿಳಿದಿದ್ದರೆ ಸಾಕು. ಚೀಲದಲ್ಲಿ ಒಂದು ಜಿಪ್ ಡಬ್ಬಿ: ಎರಡು ನಳಿಕೆ, ಜೆಲ್ಲಿ, ಒರೆಸುವ ಬಟ್ಟೆ, ಒಂದು ಚಡ್ಡಿ, ಮಡಿಚಿದ ಪ್ಲಾಸ್ಟಿಕ್ ಚೀಲ. ಅದನ್ನು ರಾತ್ರಿಯೇ ಮಗು ತಾನು ತುಂಬಿಡಲಿ, ನೀವು ಬರಿದೇ ನೋಡಿ.

ಹೇಳಲು ಮುಜುಗರವಾದರೂ ಬಿಡಬಾರದ ಒಂದು ಮಾತಿದೆ. ಹುಟ್ಟಿದಾಗಿನಿಂದ ತಾಯಿ, ಚಿಕ್ಕಮ್ಮ, ನರ್ಸ್, ವೈದ್ಯರು, ವಿದ್ಯಾರ್ಥಿ ವೈದ್ಯರು ಎಲ್ಲರೂ ಮುಟ್ಟಿ ನೋಡುವ ದೇಹ ಈ ಮಗುವಿನದು. ತನ್ನ ದೇಹಕ್ಕೆ ಬಾಗಿಲೇ ಇಲ್ಲವೆಂದು ಅದು ತಿಳಿದರೆ ಆಶ್ಚರ್ಯವಿಲ್ಲ. ಕ್ಯಾತಿಟರ್ ಹಾಕಲು ಯಾರ್ಯಾರು ಸಹಾಯ ಮಾಡಬಹುದು ಎಂಬ ಚಿಕ್ಕ ಪಟ್ಟಿಯನ್ನು ಮಗುವಿನ ಜೊತೆ ಕೂತು ಮಾಡಿ. ಆ ಪಟ್ಟಿಯಲ್ಲಿಲ್ಲದವರಿಗೆ ‘ಬೇಡ’ ಎನ್ನಲು, ಅಂದಿದ್ದನ್ನು ನಿಮಗೆ ಬಂದು ಹೇಳಲು ಕಲಿಸಿ. ಮುಟ್ಟುವ ಮುನ್ನ ನೀವೂ ಒಂದು ಮಾತು ಕೇಳಿ. ತಾನೇ ಮಾಡಿಕೊಳ್ಳಲು ಕಲಿತ ಮಗುವಿಗೆ ಸಿಗುವ ದೊಡ್ಡ ಲಾಭಗಳಲ್ಲಿ ಇದೂ ಒಂದು, ನಾವು ವೈದ್ಯರು ಇದನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ತಾಯಂದಿರ ಪತ್ರಗಳಲ್ಲಿ ಸಾಲುಗಳ ನಡುವೆ ಅವಿತಿರುವ ಇನ್ನೊಂದು ಪ್ರಶ್ನೆಯಿದೆ: ಇದು ನನ್ನ ತಪ್ಪಿನಿಂದ ಆಯಿತೇ? ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದಕ್ಕೆ ಎಂದು ಯಾರೋ ಅಂದಿರುತ್ತಾರೆ. ಅಲ್ಲ. ಬೆನ್ನುಹುರಿಯ ಕೊಳವೆ ಮುಚ್ಚಿಕೊಳ್ಳುವುದು ಗರ್ಭಧಾರಣೆಯ ಸುಮಾರು 28 ದಿನಗಳೊಳಗೆ. ತಾನು ಬಸುರಿ ಎಂದು ಎಷ್ಟೋ ಹೆಂಗಸರಿಗೆ ಆ ಹೊತ್ತಿಗೆ ಇನ್ನೂ ತಿಳಿದೇ ಇರುವುದಿಲ್ಲ. ಇದಕ್ಕೆ ಕಾರಣಗಳು ಹಲವು. ಆದರೆ ಫೋಲಿಕ್ ಆಮ್ಲ ಎಂಬ ವಿಟಮಿನ್ನನ್ನು ಗರ್ಭ ನಿಲ್ಲುವ ಮೊದಲಿನಿಂದಲೇ ತೆಗೆದುಕೊಂಡರೆ, ಇಂಥ ಮಗುವನ್ನು ಹೆತ್ತ ತಾಯಂದಿರಲ್ಲಿ ಮರುಕಳಿಸುವುದು ಶೇಕಡ 72ರಷ್ಟು ಕಡಿಮೆಯಾಗುತ್ತದೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲಿ ತೋರಿಸಿಕೊಟ್ಟಿತು. ಎಲ್ಲ ಹೆಂಗಸರಿಗೂ ದಿನಕ್ಕೆ 400 ಮೈಕ್ರೋಗ್ರಾಂ ಸಾಕು. ಈಗಾಗಲೇ ಇಂಥ ಮಗುವಿರುವ ತಾಯಿಗೆ ಅದರ ಹತ್ತರಷ್ಟು ಬೇಕು. ಇನ್ನೊಂದು ಮಗು ಬೇಕೆನ್ನುವವರು ಮೊದಲೇ ವೈದ್ಯರನ್ನು ಕಾಣಲಿ.

ತಾನೇ ಮಾಡಿಕೊಳ್ಳಲು ಕಲಿತ ಮೇಲೂ ನಡುನಡುವೆ ಮಗು ಹಿಂದಕ್ಕೆ ಬೀಳುವುದುಂಟು. ಒಂಬತ್ತು ವರ್ಷದ ಹುಡುಗಿಯೊಬ್ಬಳು ಎರಡು ವರ್ಷ ಅಚ್ಚುಕಟ್ಟಾಗಿ ಮಾಡಿಕೊಳ್ಳುತ್ತಿದ್ದವಳು ಇದ್ದಕ್ಕಿದ್ದಂತೆ ಬಿಟ್ಟುಬಿಟ್ಟಳು. ನೋಟ್ ಬುಕ್ಕಿನಲ್ಲಿ ಮಾತ್ರ ಎಲ್ಲ ಹೊತ್ತೂ ಬರೆದಿತ್ತು, ಎಲ್ಲ ಸಲವೂ ಸರಿಯಾಗಿ 200 ಮಿಲಿಲೀಟರ್. ಮೂತ್ರಕೋಶ ಯಾವತ್ತೂ ಅಷ್ಟು ಪ್ರಾಮಾಣಿಕವಾಗಿ ಒಂದೇ ಅಳತೆ ಕೊಡುವುದಿಲ್ಲ. ಬೈಯದೆ ಕೇಳಿದಾಗ ತಿಳಿದದ್ದು: ಹೊಸ ತಮ್ಮ ಹುಟ್ಟಿದ್ದ, ಅಮ್ಮ ದಿನಕ್ಕೆ ಐದು ಸಲ ತನ್ನ ಬಳಿ ಕೂರುತ್ತಿದ್ದದ್ದು ನಿಂತುಹೋಗಿತ್ತು. ಕೆಲಸ ಕೈಬಿಟ್ಟ ತಾಯಿ ಜೊತೆಯನ್ನೂ ಬಿಟ್ಟಿದ್ದಳು. ಸಂಜೆಯ ಒಂದು ಸರದಿಗೆ ಅಮ್ಮ ಬಾಗಿಲ ಹೊರಗೆ ಕೂತು ಕಥೆ ಹೇಳಬೇಕೆಂದು ಒಪ್ಪಂದವಾಯಿತು. ಅಳತೆಗಳು ಮತ್ತೆ ಏರುಪೇರಾದವು: 180, 225, 160.

ಮೂತ್ರಪಿಂಡಗಳ ಅಲ್ಟ್ರಾಸೌಂಡ್, ರಕ್ತಪರೀಕ್ಷೆ, ರಕ್ತದೊತ್ತಡ ಇವನ್ನು ಮಗು ಎಷ್ಟೇ ಚೆನ್ನಾಗಿದ್ದರೂ ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮಾಡಿಸಬೇಕು. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆ, ಹಾಗೂ ಮಕ್ಕಳ ಶಸ್ತ್ರಚಿಕಿತ್ಸಾ ವಿಭಾಗವಿರುವ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಈ ಬಗ್ಗೆ ವಿಚಾರಿಸಬಹುದು. ತಪಾಸಣೆಗೆ ಬಂದಾಗ ಐದು ವರ್ಷ ದಾಟಿದ ಮಗುವಿದ್ದರೆ ನಾನು ಪ್ರಶ್ನೆಯನ್ನು ಅದಕ್ಕೇ ಕೇಳುತ್ತೇನೆ: ದಿನಕ್ಕೆ ಎಷ್ಟು ಸಲ, ಎಷ್ಟು ನಂಬರಿನ ನಳಿಕೆ, ಮಾತ್ರೆಯ ಹೆಸರೇನು. ತಾಯಿಯ ಬಾಯಿಂದ ಉತ್ತರ ಬಂದುಬಿಡುತ್ತದೆ, ಅಭ್ಯಾಸ. ಸ್ವಲ್ಪ ತಡೆಯಿರಿ ಎಂದು ಕೈಸನ್ನೆ ಮಾಡಿ ಕಾಯುತ್ತೇನೆ. ಮಗು ನೆಲ ನೋಡುತ್ತದೆ, ಬೆರಳು ಮಡಿಸುತ್ತದೆ, ಆಮೇಲೆ ಹೇಳುತ್ತದೆ: ‘ಐದು ಸಲ. ಎಂಟು ನಂಬರು.’ ಮಾತ್ರೆಯ ಹೆಸರು ಮುಂದಿನ ಸಲಕ್ಕೆ.